ಫಂಡಿನ ರೊಕ್ಕಕ್ಕ ಹಾಕಿದ ಗೆರಿ

ಅಕ್ಕಾರ, ವೈನ್ಯಾರ, ಈ ಸಲ ಅಡಿಗಿ ಬಿಟ್ಟು ರೊಕ್ಕದ ಕತಿ ಹೇಳ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇದೂ ಮನಿ ಮಾತ.

ಯುಗಾದಿಗೆ ಪುಣೆಯಿಂದ ನನ್ನ ಮಗ ಬಂದಿದ್ದ. ಊಟಾ ಆದ ಮ್ಯಾಲ ಲ್ಯಾಪ್‌ಟಾಪ್ ತಗದು ಕುಂತಾವ, "ಅವ್ವಾ, ಫಂಡಿಗೆ ಸ್ವಲ್ಪ ಜಾಸ್ತಿ ಹಾಕಬೇಕಂತ ಮಾಡೇನಿ. ಆದ್ರ ವರ್ಷಕ್ಕ ಎರಡೂವರಿ ಲಕ್ಷ ದಾಟಿದ್ರ ಮ್ಯಾಲಿನ ರೊಕ್ಕದ ಬಡ್ಡಿಗೆ ತೆರಿಗಿ ಬೀಳತೈತಿ, ಲೆಕ್ಕಾ ಮಾಡಿ ಹಾಕಬೇಕು" ಅಂದ. ನಿಪ್ಪಾಣಿಯಿಂದ ನಮ್ಮ ಚಿಗವ್ವನೂ ಅವತ್ತ ಬಂದಿದ್ದಳು. ಹದಿನಾಲ್ಕನೇ ವಯಸ್ಸಿನಿಂದ ಕೈ ನಡುಗೂ ತನಕಾ ಬೀಡಿ ಕಟ್ಟಿದಾಕಿ. ಕಟ್ಟಿಗೆ ಬೆನ್ನ ಹಚ್ಚಿ ಕುಂತಾಕಿ, "ತಮ್ಮಾ, ನನಗೂ ಫಂಡ ಇತ್ತಲ್ಲೋ. ನನಗೂ ತೆರಿಗಿ ಹಾಕ್ತಾರೇನ?" ಅಂತ ಕೇಳಿದಳು. ನಾವೆಲ್ಲಾರೂ ನಕ್ಕಿವಿ. ಆಕಿಗೆ ತಿಂಗಳಾ ಬರೂದು ಸಾವಿರ ರೂಪಾಯಿ ಪಿಂಚಣಿ, ಅದಕ್ಕ್ಯಾವ ತೆರಿಗಿ.

ನಕ್ಕಿದ್ದಕ್ಕ ರಾತ್ರಿ ಮನಸ್ಸಿಗೆ ಕೆಟ್ಟ ಅನಿಸಿತು. ಇಬ್ಬರದೂ ಫಂಡ, ಎರಡಕ್ಕೂ ಕಾಯ್ದೆ ಒಂದ. ಒಬ್ಬಗ ಭಾಳ ಉಳಿಸಬ್ಯಾಡ ಅಂತ ಮ್ಯಾಲೆ ಗೆರಿ ಕೊರದಾರ. ಇನ್ನೊಬ್ಬಾಕಿಗೆ ಉಳಿಸಾಕ ಒಳಗ ಬರಬೇಕಂದ್ರನ ಅರ್ಧಾ ಆಯುಷ್ಯ ಹೋಗೇತಿ. ಈ ಗೆರಿ ಯಾರು ಹಾಕಿದ್ರು, ಯಾವಾಗ ಹಾಕಿದ್ರು ಅಂತ ಆವಾಗಿಂದ ಓದಾಕ ಹತ್ತೀನಿ. ಮಗನ ಕಡಿಂದ ಒಂದಿಷ್ಟು ತಿಳ್ಕೊಂಡೆ. ಸಕ್ರಿ ಕಾರ್ಖಾನ್ಯಾಗ ಗುಮಾಸ್ತ ಇದ್ದು ರಿಟೈರ ಆದ ನಮ್ಮ ಮನ್ಯಾವರ ಕಡಿಂದ ಒಂದಿಷ್ಟು. ಉಳಿದದ್ದು ಚಿಗವ್ವನ ಟ್ರಂಕಿನ್ಯಾಗ ಸಿಕ್ಕಿತು.

ಮೊದಲ ಫಂಡ ಅಂದ್ರ ಏನು ಅಂತ ಸ್ವಲ್ಪ ಹೇಳ್ತೀನಿ, ಗೊತ್ತಿದ್ದವರು ಮುಂದ ಹೋಗ್ರಿ. ಪಗಾರದಾಗ ನಮ್ಮದೊಂದು ಪಾಲು ಮುರೀತಾರ, ಅಷ್ಟ ಪಾಲು ಧನಿನೂ ಹಾಕಬೇಕು. ಎರಡೂ ಕೂಡಿ ಬಡ್ಡಿ ಮ್ಯಾಲ ಬೆಳೀತಾವ, ಕೆಲಸಾ ಬಿಟ್ಟಾಗ ಕೈಗೆ ಬರತೈತಿ. ಈ ರೊಕ್ಕಕ್ಕ ಸರ್ಕಾರದ ತೆರಿಗಿ ಮೂರು ಬಾಗಲದಾಗ ನಿಂತು ಕೇಳಬಹುದು. ಹಾಕುವಾಗ ಒಂದು, ಬೆಳೆಯುವಾಗ ಒಂದು, ತಗಿಯುವಾಗ ಒಂದು. ಫಂಡಿಗೆ ಬಂದ ಭಾಗ್ಯ ಏನಂದ್ರ, ಭಾಳ ವರ್ಷ ಈ ಮೂರೂ ಬಾಗಲದಾಗ ಅದನ್ನ ಹೆಚ್ಚು ಕಡಿಮಿ ಹಂಗ ಬಿಟ್ಟಿದ್ರು. ಇಂಗ್ರೇಜರ ಕಾಲದಾಗ 1925ರಾಗ ಪ್ರಾವಿಡೆಂಟ್ ಫಂಡ್ಸ್ ಕಾಯ್ದೆ ಆತು, ಅದು ಮುಖ್ಯ ಸರ್ಕಾರಿ ಮತ್ತ ರೇಲ್ವೆ ನೌಕರದಾರರಿಗೆ. 1929ರಾಗ ಖಾಸಗಿ ಕಂಪನಿ ಫಂಡಿಗೂ ತೆರಿಗಿ ಬಿಡೂ ಕಾಯ್ದೆ ತಂದ್ರು. ಸರ್ಕಾರ ಒಪ್ಪಿದ ಫಂಡ ಇರಬೇಕು, ಇಂತಿಷ್ಟ ಮಿತಿ ಒಳಗ ಇರಬೇಕು ಅಂತ ಕರಾರು ಹಾಕಿದ್ರು. ಮಿತಿ ಅನ್ನೂದು ಇವತ್ತಿನ ಮಾತಲ್ಲ, ತೆರಿಗಿ ಬಿಟ್ಟ ದಿನಾನ ಗೆರಿನೂ ಬಂದೈತಿ.

ಆದ್ರ ಆಗ ಯಾರಿಗೆ ಫಂಡ ಇತ್ತು? ದೊಡ್ಡ ದೊಡ್ಡ ಕಂಪನಿ ಸಾಹೇಬರಿಗೆ. ನಮ್ಮ ಕಡೆ ಗಿರಣಿ, ಕಾರ್ಖಾನಿ ಕೂಲಿಯವರಿಗೆ ಮುಪ್ಪಿನಾಗ ಮಕ್ಕಳ ಫಂಡ.

ಸ್ವಾತಂತ್ರ್ಯ ಬಂದ ಮ್ಯಾಲ 1951ರ ನವೆಂಬರದಾಗ ಒಂದು ಸುಗ್ರೀವಾಜ್ಞೆ ಬಂತು, 1952ರಾಗ ಅದ ಕಾರ್ಮಿಕರ ಭವಿಷ್ಯ ನಿಧಿ ಕಾಯ್ದೆ ಆತು. ಮೊದಲ ಆರು ಉದ್ಯೋಗಕ್ಕ ಅಷ್ಟ. ಸಿಮೆಂಟ, ಇಂಜಿನಿಯರಿಂಗ, ಕಬ್ಬಿಣ ಉಕ್ಕು, ಕಾಗದ, ಬಟ್ಟಿ, ಮತ್ತ ಸಿಗರೇಟ. ಮುರಕೊಳ್ಳೂದು ನೂರಕ್ಕ ಆರೂಕಾಲು, ಅಂದ್ರ ಹಳೇ ಲೆಕ್ಕದಾಗ ರೂಪಾಯಿಗೆ ಸರಿಯಾಗಿ ಒಂದಾಣೆ. ಕೂಲಿಯವನ ಒಂದಾಣೆ, ಧನಿದೊಂದಾಣೆ. ತಿಂಗಳಾ 300 ರೂಪಾಯಿ ತನಕಾ ಪಗಾರ ಇದ್ದವರಿಗೆ ಕಡ್ಡಾಯ. ಬಡ್ಡಿ ಮೊದಲನೇ ವರ್ಷ ನೂರಕ್ಕ ಮೂರು.

ಈ ಆರರ ಪಟ್ಟಿ ಓದುವಾಗ ನಾ ಸಿಗರೇಟಿನ ಹತ್ತರ ನಿಂತೆ. ಸಿಗರೇಟ ಮಷಿನ್ಯಾಗ ಸುತ್ತತೈತಿ, ಅಲ್ಲಿ ಕೆಲಸಾ ಮಾಡಾವ್ರಿಗೆ 1952ರಾಗ ಫಂಡ ಬಂತು. ಬೀಡಿ ಕೈಯಾಗ ಸುತ್ತತಾರ, ಹೆಣ್ಣಮಕ್ಕಳ ಸುತ್ತತಾರ, ಮನ್ಯಾಗ ಕುಂತ ಸುತ್ತತಾರ. ಅವ್ರ ಹೆಸರು ಪಟ್ಟ್ಯಾಗ ಇಲ್ಲ. ಎರಡರಾಗೂ ತುಂಬೂದು ತಂಬಾಕ!

ನಮ್ಮ ಸೀಮಿಗೆ ಫಂಡ ಬಂದದ್ದು ಮೊದಲ ಸಕ್ರಿ ಮೂಲಕ. ಕಾಗವಾಡ ತಾಲೂಕಿನ ಉಗಾರ ಖುರ್ದದಾಗ ಶಿರಗಾಂವಕರ ಮನೆತನದವರು 1939ರಾಗ ಉಗಾರ ಶುಗರ್ ವರ್ಕ್ಸ್ ಸುರು ಮಾಡಿದ್ರು (ಆಗ ಕಾಗವಾಡ ತಾಲೂಕಾ ಎಲ್ಲಿತ್ತು, ಅದೆಲ್ಲಾ ಮೊನ್ನೆ ಮೊನ್ನಿನ ಮಾತು). 1956ರ ಜುಲೈ ಕಡೀಗೆ ಸಕ್ರಿ ಉದ್ಯೋಗಾನ ಫಂಡಿನ ಪಟ್ಟ್ಯಾಗ ಸೇರಿಸಿದ್ರು. ಆಗಿನ್ನೂ ನಾವು ಮುಂಬೈ ರಾಜ್ಯದಾಗ ಇದ್ದಿವಿ. ಮುಂದ ಮೂರು ತಿಂಗಳಕ್ಕ ನವೆಂಬರ 1ಕ್ಕ ಮೈಸೂರು ರಾಜ್ಯಕ್ಕ ಬಂದಿವಿ. ನಮ್ಮ ಮಾವನವರ ಪೀಳಿಗಿಯವರು ಮನಿ ಕಟ್ಟಿದ್ದು, ಹೆಣ್ಣಮಕ್ಕಳ ಮದವಿ ಮಾಡಿದ್ದು ಇದ ಫಂಡಿನ ರೊಕ್ಕದಾಗ. ಮುಂದ ಚಿಕ್ಕೋಡಿ, ಅಥಣಿ, ರಾಯಬಾಗ, ನಿಪ್ಪಾಣಿ ಕಡೆ ಸಹಕಾರಿ ಸಕ್ರಿ ಕಾರ್ಖಾನಿ ಬಂದಾವು, ಫಂಡಿನ ಮನಿಗೋಳೂ ಹೆಚ್ಚಾದವು. ನಮ್ಮಲ್ಲಿ ಹೆಣ್ಣ ಕೊಡುವಾಗ "ಹುಡುಗಗ ಫಂಡ ಕಟ್ಟ ಆಗತೈತೇನ?" ಅಂತ ಕೇಳೂ ರೂಢಿ ಇತ್ತಲ್ಲ, ಅದು ಆ ಕಾಲದ್ದು.

ಕಬ್ಬು ಕಡಿಯೂ ಗ್ಯಾಂಗಿನವ್ರಿಗೆ ಮಾತ್ರ ಅದು ಬರಲಿಲ್ಲ. ಅದು ಬ್ಯಾರೆ ದುಃಖ, ಇನ್ನೊಂದ ಸಲ ಬರೀತೀನಿ.

ಈಗ ನಿಪ್ಪಾಣಿಗೆ ಬರ್ರಿ. ಆವಾಗ ಅದು ಚಿಕ್ಕೋಡಿ ತಾಲೂಕಿನ್ಯಾಗ ಇತ್ತು. ಸುತ್ತಲಿನ ಹಳ್ಳಿ ಕಪ್ಪ ಮಣ್ಣಿನ ತಂಬಾಕ ಪ್ಯಾಟಿಗೆ ಬರತಿತ್ತು. ಪ್ಯಾಟ್ಯಾಗ ವಖಾರಿ, ವಖಾರ್ಯಾಗ ತಂಬಾಕ ಬಡಿದು ಜಾಲಸೂ ಹೆಣ್ಣಮಕ್ಕಳು, ಮನ್ಯಾಗ ಬೀಡಿ ಕಟ್ಟೂ ಹೆಣ್ಣಮಕ್ಕಳು. ಚಿಗವ್ವ ಹೇಳತಾಳ, ಮುಂಜಾನೆ ಎಲಿ ನೀರಿನ್ಯಾಗ ನೆನಸಿಡೂದು, ಮಧ್ಯಾಹ್ನ ಕತ್ತರೀಲೆ ಅಳತಿಗೆ ಕತ್ತರಿಸೂದು, ಮೊರದಾಗ ತಂಬಾಕ ಇಟಗೊಂಡು ಸುತ್ತೂದು, ದಾರಾ ಕಟ್ಟೂದು. ಸಂಜಿಕ ಮಧ್ಯಸ್ಥನ ಕಡೆ ಒಯ್ದು ಎಣಿಸಿ ಕೊಡಬೇಕು. ಅಂವಾ ಹಿಡಿ ಹಿಡಿ ತಗದು ನೋಡಿ, ಇದು ಸಡಲ ಐತಿ, ಇದರ ಬಾಯಿ ಮುಚ್ಚಿಲ್ಲ ಅಂತ ಆರಿಸಿ ಒಗೀತಿದ್ದ. ಒಗದದ್ದಕ್ಕ ಮಜೂರಿ ಇಲ್ಲ. ಮನ್ಯಾಗ ಆಕಿ ಒಬ್ಬಾಕಿ ಅಲ್ಲ, ಅತ್ತಿ, ನಾದಿನಿ, ಸಾಲಿಯಿಂದ ಬಂದ ಹುಡಿಗ್ಯಾರು, ಎಲ್ಲಾರ ಕೈ ಅದರಾಗ ಇರತಿತ್ತು. ಪುಸ್ತಕದಾಗ ಮಾತ್ರ ಒಂದ ಹೆಸರು.

ಬೀಡಿ ಕೆಲಸದವರಿಗಂತ ಕಾಯ್ದೆ 1966ರಾಗ ಆತು. ರಜಾ, ಹೊತ್ತಿನ ಲೆಕ್ಕ, ಎಲಿ ಹಂಚೂ ರೀತಿ, ಇದೆಲ್ಲಾ ಅದರಾಗ ಬಂತು. ಮನ್ಯಾಗ ಕಟ್ಟೂ ಹೆಣ್ಣಮಕ್ಕಳೂ ಕೆಲಸದವರ ಅಂತ ಬರದಿದ್ರು. 1976ರಾಗ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಆತು, ದವಾಖಾನಿ, ಮಕ್ಕಳ ಸ್ಕಾಲರ್‌ಶಿಪ್ ಅದರಿಂದ ಬರತಾವ. ಫಂಡು ಬಂದದ್ದು 1977ರ ಮೇ ಕಡೀಗೆ. ಸಿಗರೇಟ ಆಗಿ ಸರಿಯಾಗಿ 25 ವರ್ಷದ ಮ್ಯಾಲ. ಚಿಗವ್ವ ಅಷ್ಟೊತ್ತಿಗೆ ಹತ್ತ ವರ್ಷದ ಮ್ಯಾಲ ಬೀಡಿ ಕಟ್ಟಿ ಆಗಿತ್ತು. ಆ ಹತ್ತ ವರ್ಷದ ಒಂದಾಣೆನೂ ಜಮಾ ಇಲ್ಲ.

ಕಾಯ್ದೆ ಬಂದ ಕೂಡಲೇ ರೊಕ್ಕ ಬಂತಾ? ಬೀಡಿ ಧನಿಗೋಳು ಕೋರ್ಟಿಗೆ ಹೋದ್ರು. ಅವ್ರ ವಾದ ಏನಂದ್ರ, ಈ ಹೆಣ್ಣಮಕ್ಕಳು ನಮ್ಮ ಕಾರ್ಖಾನ್ಯಾಗ ಬರೂದಿಲ್ಲ, ತಮ್ಮ ಮನ್ಯಾಗ ತಮಗ ಬೇಕಾದಾಗ ಕಟ್ಟತಾರ, ನಾವು ಅವರ ಮ್ಯಾಲ ನಿಂತು ನೋಡೂದಿಲ್ಲ, ಹಿಂಗಾಗಿ ಇವರು ನಮ್ಮ ನೌಕರದಾರರ ಅಲ್ಲ. 1985ರಾಗ ಸುಪ್ರೀಂ ಕೋರ್ಟು ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಅನ್ನೂ ಪ್ರಕರಣದಾಗ ಅದನ್ನ ಒಪ್ಪಲಿಲ್ಲ. ಮನ್ಯಾಗ ಕಟ್ಟಾಕಿನೂ ಫಂಡಿನ ಕಾಯ್ದೆ ಪ್ರಕಾರ ನೌಕರದಾರಳ ಅಂತು. ಯಾಕಂದ್ರ, ಬೀಡಿ ನೋಡಿ ಛಲೋ ಇಲ್ಲ ಅಂತ ಒಗಿಯೂ ಹಕ್ಕು ಧನಿ ಕೈಯಾಗ ಐತಿ, ಆ ಹಕ್ಕಾನ ಮ್ಯಾಲ ನಿಂತು ನೋಡಿದಂಗ.

ಇದನ್ನ ಚಿಗವ್ವಗ ಓದಿ ಹೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮ್ಯಾಲ, "ಅಂವಾ ಬೀಡಿ ಒಗದಾಗ ನಾ ದಿನಾ ಅತ್ತೀನಿ ಯವ್ವಾ. ಅದ ಒಗದದ್ದ ನಮಗ ಸಾಕ್ಷಿ ಆತಂದ್ರ ಆತ ಬಿಡ" ಅಂದಳು.

ಕಾಯ್ದೆ, ಕೋರ್ಟು ಎರಡೂ ತಾವಾಗೇ ಬರೂದಿಲ್ಲ, ಇದನ್ನ ಹೇಳಲಿಲ್ಲ ಅಂದ್ರ ನಿಪ್ಪಾಣಿ ಹೆಣ್ಣಮಕ್ಕಳಿಗೆ ಅನ್ಯಾಯ ಆಗತೈತಿ. 1980ರ ಸುಮಾರಿಗೆ ಅಲ್ಲಿನ ತಂಬಾಕ ವಖಾರಿ ಹೆಣ್ಣಮಕ್ಕಳು ಸಂಘಟನಿ ಕಟ್ಟಿ ಮುಷ್ಕರ ಮಾಡಿದ್ರು. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ, ಪ್ರೊ. ಸುಭಾಷ ಜೋಶಿಯವರು, ಈ ಹೆಸರು ನಮ್ಮ ವಯಸ್ಸಿನವರಿಗೆಲ್ಲಾ ಗೊತ್ತು. ಯುಗಾಂತರ ಅನ್ನೂ ಗುಂಪು, ದೀಪಾ ಧನರಾಜ ಮತ್ತ ಅವ್ರ ಗೆಳತ್ಯಾರು, ಆ ಹೆಣ್ಣಮಕ್ಕಳ ಜೋಡಿ ಇದ್ದು 1982ರಾಗ 'ತಂಬಾಕು ಚಾಕಿಲಾ ಊಬ ಆಲಿ' ಅಂತ ಮರಾಠ್ಯಾಗ ಒಂದು ಸಣ್ಣ ಚಿತ್ರ ತಗದಾರ. ಸಿಕ್ಕರ ನೋಡ್ರಿ. ನಡುವ 1981ರಾಗ ತಂಬಾಕ ಧಾರಣಿಗಾಗಿ ರೈತರು ಶರದ ಜೋಶಿಯವರ ಜೋಡಿ ಹೈವೇ ಮ್ಯಾಲ ಕುಂತದ್ದು, ಏಪ್ರಿಲ್ 6ಕ್ಕ ಗೋಳಿಬಾರ ಆಗಿ 12 ಮಂದಿ ರೈತರು ಸತ್ತದ್ದು, ಅದು ಎಲ್ಲಾರಿಗೂ ನೆನಪೈತಿ, ವರ್ಷಾ ವರ್ಷಾ ನೆನಸತಾರ. ವಖಾರಿ ಹೆಣ್ಣಮಕ್ಕಳ ಮುಷ್ಕರ ಮಾತ್ರ ಯಾರೂ ನೆನಸೂದಿಲ್ಲ.

ಚಿಗವ್ವನ ಕಾರ್ಡು ಆದದ್ದು ಕೋರ್ಟಿನ ತೀರ್ಪಿನ ನಂತರನ. ಆದರೂ ಆಕಿ ಕಟ್ಟಿದ ಎಲ್ಲಾ ಬೀಡಿ ಆಕಿ ಪುಸ್ತಕಕ್ಕ ಏರಲಿಲ್ಲ. ಎಂಟನೂರ ಕಟ್ಟಿದ್ರ ನಾಕನೂರ ಬರಿಯೂದು, ಇಪ್ಪತ್ತ ದಿನಾ ಮಾಡಿದ್ರ ಹನ್ನೆರಡ ದಿನಾ ತೋರಿಸೂದು. ಯಾಕಂದ್ರ ಬರದಷ್ಟಕ್ಕ ಫಂಡು ಕಟ್ಟಬೇಕಲ್ಲ. ಆ ಮಧ್ಯಸ್ಥ ಈಗಿಲ್ಲ, ಹೆಸರು ಬ್ಯಾಡ. ಅದರ ಪರಿಣಾಮ ಮಾತ್ರ ಈಗೂ ಐತಿ. ಪಿಂಚಣಿ ಲೆಕ್ಕಾ ಮಾಡೂದು ಬರದ ಪಗಾರದ ಮ್ಯಾಲ, ಬರದ ವರ್ಷದ ಮ್ಯಾಲ.

ಇನ್ನೊಂದು ಸಂಗತಿ ನನಗ ಗೊತ್ತಾ ಇರಲಿಲ್ಲ. ಒಂದಾಣೆ ಇದ್ದದ್ದು ಮುಂದ ನೂರಕ್ಕ ಎಂಟು, ಹತ್ತು ಅಂತ ಏರಕೋತ ಬಂದು 1997ರಾಗ ಹನ್ನೆರಡು ಆತು. ಎಲ್ಲಾರಿಗೂ ಅಲ್ಲ. ಬೀಡಿ, ಸೆಣಬು, ಇಟ್ಟಂಗಿ ಭಟ್ಟಿ, ತೆಂಗಿನ ನಾರು, ಇಂಥಾವಕ್ಕ ಹತ್ತ ಇಟ್ರು. ಈ ಉದ್ಯೋಗ ಬಡವು ಅನ್ನೂದು ಕಾರಣ. ಲೆಕ್ಕಾ ಮಾಡಿ ನೋಡ್ರಿ, ತಿಂಗಳಾ ಎಂಟ ಸಾವಿರ ಮಜೂರಿ ಅಂತ ಹಿಡಿದ್ರ ಹತ್ತಕ್ಕ 800, ಹನ್ನೆರಡಕ್ಕ 960. ಧನಿ ಪಾಲಿನ್ಯಾಗ ತಿಂಗಳಾ 160 ರೂಪಾಯಿ ಕಡಿಮಿ, ವರ್ಷಕ್ಕ 1,920, ಬಡ್ಡಿ ಬ್ಯಾರೆ. ಉದ್ಯೋಗ ಬಡವು ಅಂತ ಕೆಲಸಾ ಮಾಡಾಕಿ ಮುಪ್ಪಿನ ರೊಕ್ಕಾನ ಕಡಿಮಿ ಮಾಡೂದು ನನಗಂತೂ ಸರಿ ಕಾಣೂದಿಲ್ಲ. ಧನಿ ಬಡವ ಇದ್ದದ್ದು ನಾ ನಿಪ್ಪಾಣ್ಯಾಗ ಕಂಡಿಲ್ಲ.

ಇದಿಷ್ಟು ಕೆಳಗಿನ ಗೆರಿ. ಇನ್ನ ನನ್ನ ಮಗ ಹೇಳೂ ಮ್ಯಾಲಿನ ಗೆರಿ.

ನೌಕರಿ ಮಂದಿ ಬಾಯಾಗ ಇರೂ 80ಸಿ ಅನ್ನೂದು 1968ರಿಂದ ಸುರು ಆತು. ಫಂಡು, ವಿಮಾ ಇಂಥಾದರಾಗ ರೊಕ್ಕಾ ಹಾಕಿದ್ರ ತೆರಿಗಿ ಲೆಕ್ಕದಾಗ ಅಷ್ಟು ಬಿಡೂದು. ಅದ ವರ್ಷ ಜುಲೈದಾಗ ಪಿ.ಪಿ.ಎಫ್. ಸುರು ಆತು, ನೌಕರಿ ಇಲ್ಲದ ನಮ್ಮಂಥವ್ರೂ ಪೋಸ್ಟಿನ್ಯಾಗ ತಗೀಬಹುದು. ನಡುವ ಹದಿನೈದ ವರ್ಷ 80ಸಿ ತಗದು ಕಲಮ 88 ಅಂತ ಮಾಡಿದ್ರು. ನಮ್ಮ ಮನ್ಯಾವರು ಫೆಬ್ರುವರಿ ಬಂತಂದ್ರ ವಿಮಾ ಏಜಂಟನ ಬೆನ್ನ ಹತ್ತತಿದ್ದದ್ದು ಆ ಕಾಲದಾಗ. 2005ರ ಬಜೆಟ್ಟಿನ್ಯಾಗ 80ಸಿ ತಿರುಗಿ ಬಂತು, ಎಲ್ಲಾ ಕೂಡಿ ವರ್ಷಕ್ಕ ಒಂದು ಲಕ್ಷದ ಮಿತಿ. 2014ರಾಗ ಅದನ್ನ ಒಂದೂವರಿ ಲಕ್ಷ ಮಾಡಿದ್ರು. ಪಿ.ಪಿ.ಎಫ್. ಮಿತಿನೂ ಆವಾಗ ಒಂದೂವರಿ ಲಕ್ಷ ಆತು. ಆ ಮ್ಯಾಲ ಹತ್ತ ವರ್ಷ ಆದ್ರೂ ಆ ಅಂಕಿ ಕದಲಿಲ್ಲ. ಎಣ್ಣಿ ಡಬ್ಬಿ ಧಾರಣಿ, ಬಂಗಾರದ ಧಾರಣಿ, ಮಕ್ಕಳ ಸಾಲಿ ಫೀ, ಇವ್ಯಾವೂ 2014ರಾಗ ನಿಂತಿಲ್ಲ, ನಿಮಗ ಗೊತ್ತ ಐತಿ.

ಫಂಡು ಕಡ್ಡಾಯ ಆಗೂ ಪಗಾರದ ಮಿತಿನೂ ಹಂಗ. 300 ಇದ್ದದ್ದು ಏರಕೋತ ಬಂದು 1994ರಾಗ 5,000, 2001ರಾಗ 6,500, 2014ರ ಸೆಪ್ಟೆಂಬರದಾಗ 15,000 ಆತು. ಇದರ ಗುಟ್ಟು ಭಾಳ ಮಂದಿ ಹೆಣ್ಣಮಕ್ಕಳಿಗೆ ಗೊತ್ತಿಲ್ಲ. ಮೂಲ ಪಗಾರ ನಲವತ್ತ ಸಾವಿರ ಇದ್ರೂ ಕಂಪನಿ 15,000ದ ಮ್ಯಾಲ ಅಷ್ಟ ಹನ್ನೆರಡು ಲೆಕ್ಕಾ ಹಾಕಬಹುದು, ಅಂದ್ರ ತಿಂಗಳಾ 1,800. ನಿಮ್ಮ ಮಕ್ಕಳ, ಅಳಿಯಂದಿರ ಪಗಾರ ಚೀಟ್ಯಾಗ ಫಂಡಿನ ಮುಂದ 1,800 ಅಂತ ಇದ್ರ ಇದ ಕಾರಣ. ತಪ್ಪೇನಲ್ಲ. ಆದ್ರ ಮುಪ್ಪಿಗೆ ಅದು ಸಾಲೂದಿಲ್ಲ ಅನ್ನೂದು ತಿಳದಿರಲಿ.

ಧನಿ ಪಾಲಿನ್ಯಾಗ ಇನ್ನೊಂದು ಪಾಲು ಐತಿ. 1995ರ ನವೆಂಬರದಿಂದ ಪಿಂಚಣಿ ಯೋಜನಾ ಬಂತು. ಧನಿ ಹಾಕಿದ್ದರಾಗ ಪಗಾರದ ನೂರಕ್ಕ 8.33 ಅದಕ್ಕ ಹೋಗತೈತಿ, 15,000ದ ಮಿತಿ ಪ್ರಕಾರ ಅದು ಹೆಚ್ಚಂದ್ರ 1,250. ಪಿಂಚಣಿ ಸಿಗಬೇಕಂದ್ರ ಕಡಿಮಿ ಅಂದ್ರ ಹತ್ತ ವರ್ಷ ಸೇವಾ ಇರಬೇಕು. ಚಿಗವ್ವಗ ಮೊದಲ ಬರತಿದ್ದದ್ದು ಎಷ್ಟು ಸಣ್ಣ ರೊಕ್ಕ ಅಂದ್ರ ಅದನ್ನ ತರಾಕ ಹೋದ್ರ ರಿಕ್ಷಾಕ್ಕ ಅರ್ಧಾ ಹೋಗತಿತ್ತು. 2014ರಾಗ ಕಡಿಮಿ ಅಂದ್ರ ಸಾವಿರ ರೂಪಾಯಿ ಕೊಡಬೇಕು ಅಂತ ಮಾಡಿದ್ರು, ಅದಕ್ಕ ಆಕಿ ಪಿಂಚಣಿ ಸಾವಿರಕ್ಕ ಬಂತು. ನೋಡ್ರಿ, ಒಂದೂವರಿ ಲಕ್ಷ, ಹದಿನೈದ ಸಾವಿರ, ಒಂದ ಸಾವಿರ, ಮೂರೂ ಅಂಕಿ ಒಂದ ವರ್ಷದ್ದು.

ಈಗ 2016ಕ್ಕ ಬರೋಣು, ಈ ವರ್ಷ ಫಂಡಿನ ಕತ್ಯಾಗ ಭಾಳ ದೊಡ್ಡದು. ಫೆಬ್ರುವರಿ 29ರ ಬಜೆಟ್ಟಿನ್ಯಾಗ ಹಣಕಾಸು ಮಂತ್ರಿ ಅರುಣ ಜೇಟ್ಲಿಯವರು ಮೂರನೇ ಬಾಗಲಕ್ಕ ಕೈ ಹಾಕಿದ್ರು. ಏಪ್ರಿಲ್ 1ರ ಮುಂದ ಹಾಕಿದ ಫಂಡಿನ ರೊಕ್ಕಾ ತಗಿಯುವಾಗ ನೂರಕ್ಕ ನಲವತ್ತಕ್ಕ ಅಷ್ಟ ತೆರಿಗಿ ಇಲ್ಲ, ಉಳಿದ ಅರವತ್ತನ್ನ ಪಿಂಚಣಿ ಕೊಡೂ ಯೋಜನಾಕ್ಕ ಹಾಕಲಿಲ್ಲ ಅಂದ್ರ ತೆರಿಗಿ ಅಂದ್ರು. ಧನಿ ಹಾಕೂ ಪಾಲಿಗೂ ವರ್ಷಕ್ಕ ಒಂದೂವರಿ ಲಕ್ಷದ ಗೆರಿ ಅಂದ್ರು. ಪಗಾರದ ಮಂದಿ ಹೊಯ್ಕೊಂಡ್ರು, ಒಂದ ವಾರ ಎಲ್ಲಾ ಟಿ.ವಿ. ಒಳಗ ಅದ. ಮಾರ್ಚ 8ಕ್ಕ ಎರಡನ್ನೂ ವಾಪಸ್ ತಗೊಂಡ್ರು.

ಅದರ ಹಿಂದಿಂದ ಇನ್ನೊಂದು ಹೊರಟಿತ್ತು, ಅದಕ್ಕ ಟಿ.ವಿ. ಅವ್ರು ಅಷ್ಟ ಲಕ್ಷ ಕೊಟ್ಟಿರಲಿಲ್ಲ. ಫೆಬ್ರುವರಿ 10ರ ಆದೇಶ. ಕೆಲಸಾ ಬಿಟ್ಟಾಗ ನಿಮ್ಮ ಪಾಲು ಅಷ್ಟ ತಗೀರಿ, ಧನಿ ಪಾಲು 58 ವರ್ಷ ಆದ ಮ್ಯಾಲ ಅಂತ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿ ಹೆಣ್ಣಮಕ್ಕಳಿಗೆ ಇದು ಗೊತ್ತಾತು. ಏಪ್ರಿಲ್ 18ಕ್ಕ ಹೊಸೂರು ರಸ್ತಾದಾಗ, ಬೊಮ್ಮನಹಳ್ಳಿ ಕಡೆ, ಸಾವಿರಾರು ಹೆಣ್ಣಮಕ್ಕಳು ಹೊಲಿಗಿ ಮಷಿನ್ ಬಿಟ್ಟು ರಸ್ತಾಕ್ಕ ಬಂದು ಕುಂತ್ರು. ಮರುದಿನ ಇನ್ನೂ ಹೆಚ್ಚು. ಲಾಠಿ ಬಿತ್ತು, ಅಶ್ರುವಾಯು ಬಿಟ್ರು, ಬಸ್ಸು ಸುಟ್ಟವು. ಬಸ್ಸು ಸುಟ್ಟದ್ದು ಸರಿ ಅಂತ ನಾ ಹೇಳೂದಿಲ್ಲ. ಏಪ್ರಿಲ್ 19ರ ಸಂಜಿಕ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ಅವರು ಆದೇಶ ರದ್ದು ಅಂತ ಹೇಳಿದ್ರು. ಎರಡ ದಿನದಾಗ!

ಅವ್ರು ಯಾಕ ಅಷ್ಟು ಸಿಟ್ಟಾದ್ರು ಅಂತ ಆಗ ನಮ್ಮ ಓಣ್ಯಾಗ ಕೆಲವರು ಕೇಳಿದ್ರು. 58ಕ್ಕ ಕೊಟ್ರ ಮುಪ್ಪಿಗೆ ಒಳ್ಳೇದಲ್ಲೇನು ಅಂತ. ನನಗೂ ಆವಾಗ ಹಂಗ ಅನಿಸಿತ್ತು. ನಮ್ಮ ಸಂಬಂಧದಾಗಿನ ಒಬ್ಬ ಹುಡುಗಿ ಅಲ್ಲಿ ಹೊಲಿಗಿಗೆ ಹೋಗಾಕಿ ಹೇಳಿದಳು, "ದೊಡ್ಡವ್ವಾ, 58ರ ತನಕಾ ಯಾರ ಇಟಗೋತಾರ ನಮ್ಮನ್ನ? ನಲವತ್ತಕ್ಕ ಕಣ್ಣು, ಬೆನ್ನು ಹೋಗತಾವ, ಬಿಡಸತಾರ. ಆ ರೊಕ್ಕದಾಗ ಮಗಳ ಫೀ ಕಟ್ಟಬೇಕು." ದಿಲ್ಲ್ಯಾಗ ಕುಂತು 58 ಅಂತ ಬರಿಯಾವ್ರಿಗೆ ಆ ವಯಸ್ಸು ರಿಟೈರಮೆಂಟು, ಈಕಿಗೆ ಅದು ಬರಲಾರದ ವಯಸ್ಸು. ಆ ದಿನಾ ಬದಲಿ ಆತು ನನ್ನ ವಿಚಾರ. ಆದ್ರೂ ಎಲ್ಲಾ ತಗದು ಖರ್ಚು ಮಾಡಿದವರ ಮುಪ್ಪಿನ ಪಾಡೂ ನಾ ನೋಡೀನಿ, ಹಿಂಗಾಗಿ ಪೂರಾ ನಿಶ್ಚಯ ಮಾಡಿ ಹೇಳಾಕ ಬರೂದಿಲ್ಲ.

ತಗಿಯೂ ಬಾಗಲದ ಬಗ್ಗೆ ಇನ್ನೊಂದು. ಐದು ವರ್ಷ ಸೇವಾ ಆಗೂದರೊಳಗ ಫಂಡು ತಗದ್ರ ಆ ರೊಕ್ಕಾ ತೆರಿಗಿ ಲೆಕ್ಕಕ್ಕ ಬರತೈತಿ, 50,000 ಅಥವಾ ಅದಕ್ಕ ಹೆಚ್ಚು ಇದ್ರ ಮೊದಲ ಮುರಕೊಂಡು ಕೊಡತಾರ. ಒಂದ ಕಂಪನಿ ಬಿಟ್ಟು ಇನ್ನೊಂದಕ್ಕ ಹೋದಾಗ ತಗೀಲಾರದ ಅದ ನಂಬರಿಗೆ ಕೂಡಿಸಿದ್ರ ಹಳೇ ವರ್ಷನೂ ಲೆಕ್ಕಕ್ಕ ಬರತಾವ. 2014ರಿಂದ ಯು.ಎ.ಎನ್. ಅಂತ ಒಂದ ನಂಬರ ಜೀವನ ಪೂರ್ತಿ ಇರತೈತಿ. ಮದವಿ ಆಗಿ ಕೆಲಸಾ ಬಿಡೂ ಹುಡಿಗ್ಯಾರು ನಾಕ ವರ್ಷ ಹತ್ತ ತಿಂಗಳಕ್ಕ ಫಂಡು ತಗದು ತೆರಿಗಿ ಕಟ್ಟಿದ್ದು ನಮ್ಮಾಗ ಎರಡ ಆಗ್ಯಾವು, ಅದಕ್ಕ ಇಷ್ಟು ಬಿಡಿಸಿ ಹೇಳಿದೆ.

ಉಳಿದದ್ದು ನಡುವಿನ ಬಾಗಲ, ಬಡ್ಡಿದು. 2020ರ ಬಜೆಟ್ಟಿನ್ಯಾಗ ನಿರ್ಮಲಾ ಸೀತಾರಾಮನ್ ಅವರು ಧನಿ ಕಡಿಂದ ಫಂಡು, ಎನ್.ಪಿ.ಎಸ್. ಎಲ್ಲಾ ಕೂಡಿ ವರ್ಷಕ್ಕ ಏಳೂವರಿ ಲಕ್ಷ ದಾಟಿದ್ರ ದಾಟಿದ್ದಕ್ಕ ತೆರಿಗಿ ಅಂದ್ರು. ಜೇಟ್ಲಿಯವರು ವಾಪಸ್ ತಗೊಂಡ ಗೆರಿ ಸ್ವಲ್ಪ ಮ್ಯಾಲ ಏರಿ ತಿರುಗಿ ಬಂದಂಗ ಆತು. ಮುಂದಿನ ವರ್ಷ ನೌಕರದಾರನ ಸ್ವಂತ ಪಾಲಿಗೆ ಎರಡೂವರಿ ಲಕ್ಷದ ಗೆರಿ ಬಂತು. 2021ರ ಏಪ್ರಿಲ್ 1ರಿಂದ ಅದರ ಮ್ಯಾಲ ಹಾಕಿದ್ದಕ್ಕ ಬರೂ ಬಡ್ಡಿಗೆ ತೆರಿಗಿ. ಧನಿ ಪಾಲು ಇಲ್ಲದ ಫಂಡಿಗೆ, ಅಂದ್ರ ಸರ್ಕಾರಿ ನೌಕರದಾರರ ಜಿ.ಪಿ.ಎಫ್. ಅಂಥಾದಕ್ಕ, ಐದು ಲಕ್ಷ. ನಮ್ಮ ರಾಜ್ಯದಾಗ 2006ರ ಏಪ್ರಿಲ್ ಮೊದಲ ಸೇರಿದ ಮಾಸ್ತರ ಬಾಯ್ಯಾರಿಗೆ ಇದು ಹತ್ತತೈತಿ, ನಂತರ ಸೇರಿದವರು ಎನ್.ಪಿ.ಎಸ್. ಒಳಗ ಬಂದವರು. 2021ರ ಮಾರ್ಚ 31ರ ತನಕಾ ಜಮಾ ಆದ ಹಳೇ ರೊಕ್ಕಕ್ಕ ಹೊಸ ಗೆರಿ ಮುಟ್ಟೂದಿಲ್ಲ. ಅಲ್ಲಿಂದ ಮುಂದ ದಾಟಿದವರ ಖಾತ್ಯಾಗ ಎರಡ ಕಪಾಟು, ತೆರಿಗಿ ಬೀಳೂದು ಒಂದರಾಗ, ಬೀಳಲಾರದ್ದು ಒಂದರಾಗ.

ಇದನ್ನ ಕೇಳಿ ನನಗ ಮೊದಲ ಸಿಟ್ಟ ಬಂತು, ಮಗ ಉಳಿಸತೇನಿ ಅಂದ್ರೂ ಬಿಡೂದಿಲ್ಲಲ್ಲ ಅಂತ. ಆಮ್ಯಾಲ ಕಾಗದ ತಗೊಂಡು ಕುಂತೆ. ಪಗಾರದ ನೂರಕ್ಕ ಹನ್ನೆರಡು ವರ್ಷಕ್ಕ ಎರಡೂವರಿ ಲಕ್ಷ ಆಗಬೇಕಂದ್ರ ಮೂಲ ಪಗಾರ ತಿಂಗಳಾ ಒಂದು ಲಕ್ಷ ಎಪ್ಪತ್ಮೂರು ಸಾವಿರದ ಮ್ಯಾಲ ಇರಬೇಕು. ನಮ್ಮ ಓಣ್ಯಾಗ ಅಷ್ಟು ಪಗಾರ ಯಾರಿಗೈತಿ? ನನ್ನ ಮಗಗೂ ಇಲ್ಲ. ತಾನಾಗೇ ಹೆಚ್ಚು ಹಾಕತೇನಿ ಅಂದ್ರ ಅಷ್ಟ ಅಂವಾ ಆ ಗೆರಿ ಹತ್ತರ ಹೋಗಾವ. ಅಷ್ಟು ಹಾಕಾವ್ರ ಬಡ್ಡಿಗೆ ತೆರಿಗಿ ಬಿದ್ರ ಬೀಳಲಿ, ಅದರಾಗ ನನಗ ದೊಡ್ಡ ಅನ್ಯಾಯ ಕಾಣಲಿಲ್ಲ. ಈ ಮಾತಿಗೆ ಮಗ ನನ್ನ ಮ್ಯಾಲ ಮುನಿಸಿಕೊಂಡ.

ಹೊಸಾ ತೆರಿಗಿ ಪದ್ಧತಿ ಅಂತ ಒಂದು 2020ರಾಗ ಬಂತು, 2023ರಿಂದ ನೀವು ಏನೂ ಹೇಳಲಿಲ್ಲ ಅಂದ್ರ ಅದ ಲಾಗೂ ಆಗತೈತಿ. ಅದರಾಗ 80ಸಿ ಇಲ್ಲ. ನಮ್ಮ ಮಗಂದಿರು "ಬಿಟ್ಟ ಮ್ಯಾಲ ಪಿ.ಪಿ.ಎಫ್. ಯಾಕ, ವಿಮಾ ಯಾಕ" ಅಂತ ಅನ್ನಾಕ ಹತ್ಯಾರ. ಮೊದಲನೇ ಬಾಗಲ ಹಿಂಗ ಸಾವಕಾಶ ಮುಚ್ಚಾಕ ಹತ್ತೈತಿ. ಧನಿ ಪಾಲಿಗೆ ಪಗಾರದ ನೂರಕ್ಕ ಹನ್ನೆರಡರ ತನಕಾ ತೆರಿಗಿ ಇಲ್ಲ ಅನ್ನೂದು ಮಾತ್ರ ಹೊಸದರಾಗೂ ಉಳದೈತಿ. ನಮ್ಮ ಮನ್ಯಾವರ ಪೀಳಿಗಿ ತೆರಿಗಿ ಉಳಸಾಕ ಹೋಗಿ ಮುಪ್ಪಿನ ರೊಕ್ಕಾ ಉಳಿಸಿಬಿಟ್ರು, ಅವ್ರಿಗೂ ಗೊತ್ತಾಗಲಿಲ್ಲ. ಈ ಹುಡುಗರ ಕೈ ಹಿಡಿದು ಕಟ್ಟಸಾಕ ಯಾವ ಫೆಬ್ರುವರಿನೂ ಇಲ್ಲ.

ಪೇಪರದಾಗ, ಟಿ.ವಿ. ಒಳಗ ಮ್ಯಾಲಿನ ಗೆರಿದ ಮಾತ ಆಗತೈತಿ. ಎರಡೂವರಿ ಲಕ್ಷ ದಾಟಿತೇನು, ಏಳೂವರಿ ದಾಟಿತೇನು. ಆ ಗೆರಿ ಸರಿಸಿದ್ರ ಒಂದಿಷ್ಟು ಮಂದಿಗೆ ಒಂದಿಷ್ಟು ಬಡ್ಡಿ ಉಳೀತೈತಿ. ಕೆಳಗಿನ ಗೆರಿ, ಯಾವ ಉದ್ಯೋಗ ಪಟ್ಟ್ಯಾಗ ಐತಿ, ಹತ್ತೋ ಹನ್ನೆರಡೋ, ಹದಿನೈದ ಸಾವಿರವೋ, ಪುಸ್ತಕದಾಗ ಎಷ್ಟ ದಿನಾ ಬರದ್ರು, ಅದನ್ನ ಸರಿಸಿದ್ರ ಒಬ್ಬಾಕಿಗೆ ಮುಪ್ಪಿನಾಗ ಔಷಧಕ್ಕ ಮಗನ ಮುಂದ ಕೈ ಒಡ್ಡೂದು ತಪ್ಪತೈತಿ. ಚಿಗವ್ವನ ಟ್ರಂಕಿನ್ಯಾಗ ಆ ಕಾರ್ಡು, ಹಳೇ ಪುಸ್ತಕ ನೋಡಿದ ಮ್ಯಾಲ ನನಗ ಮಗನ ಲೆಕ್ಕದಾಗ ಅಷ್ಟು ಮನಸ್ಸ ಹೋಗಲಿಲ್ಲ.

ಟ್ರಂಕಿನ್ಯಾಗ ಇನ್ನೊಂದು ಸಿಕ್ಕಿತು, ಅದನ್ನೂ ಹೇಳಿಬಿಡ್ತೀನಿ. ಆಕಿ ನಾದಿನಿ ಕಾರ್ಡು. ಆಕಿನೂ ಬೀಡಿ ಕಟ್ಟಾಕಿ, ತೀರಿ ಆರ ವರ್ಷ ಆತು. ಫಂಡು ಯಾರೂ ತಗದಿಲ್ಲ. ವಾರಸದಾರರ ಹೆಸರು ಬರಿಯೂ ಜಾಗಾ ಖಾಲಿ ಐತಿ, ಕಾರ್ಡಿನ್ಯಾಗ ತವರಮನಿ ಅಡ್ಡಹೆಸರು, ಆಧಾರದಾಗ ಗಂಡನ ಮನಿದು. ಆಕಿ ಮಗಳು ಈಗ ನಿಪ್ಪಾಣ್ಯಾಗ ಮಂದಿ ಮನಿ ಭಾಂಡೆ ತಿಕ್ಕತಾಳ. ಮಗ ಪುಣೆಕ್ಕ ಹೋಗೂಕಿಂತ ಮೊದಲ ಒಂದು ಅರ್ಜಿ ಬರದು ಕೊಟ್ಟಾನ, ಹೆಸರ ತಿದ್ದೂದಕ್ಕ ಒಂದು, ರೊಕ್ಕಾ ಕೇಳೂದಕ್ಕ ಒಂದು. ಮರಣದ ದಾಖಲೆ ಸಿಕ್ಕೈತಿ. ವಾರಸಾ ದಾಖಲೆಗೆ ತಲಾಠಿ ಕಡೆ ಸೋಮವಾರ ಹೋಗತೀವಿ. ನಿಮ್ಮ ಮನ್ಯಾಗ ಅತ್ತಿ, ಆಯಿ ಇಟ್ಟ ಇಂಥಾ ಹಳೇ ಬೀಡಿ ಕಾರ್ಡು ಇದ್ರ ಒಗೀಬ್ಯಾಡ್ರಿ, ತಗೊಂಡ ಬರ್ರಿ, ಕೂಡೇ ಹೋಗೋಣು.